ಹೆಸರು ಬದಲಾದರೆ ಬಾಣದ ಚಿತ್ರ ಕೊಡಿ

ಗೋವಿನಜೋಳ, ಸೋಯಾದ ಎಲೆ ತಿನ್ನುವ ಹುಳಕ್ಕೆ ಹೊಡೆಯುವ ಒಂದು ಶಿಲೀಂಧ್ರದ ಪುಡಿ ನಮ್ಮ ಭಾಗದ ರೈತರಿಗೆ ಹೊಸದಲ್ಲ. ಧಾರವಾಡ ಕೃಷಿ ವಿಶ್ವವಿದ್ಯಾಲಯದವರು ಹೇಳಿಕೊಟ್ಟ ಹೆಸರು ‘ನೊಮುರಿಯಾ ರಿಲೈ’. ಬಾಯಿಗೆ ಕಷ್ಟವಾದರೂ ಕಲಿತೆವು. ಈಗ ಅದೇ ಪುಡಿಗೆ ‘ಮೆಟಾರೈಜಿಯಂ ರಿಲೈ’ ಅಂತ ಬರೆಯುತ್ತಾರೆ. 2014ರಲ್ಲಿ ವಿಜ್ಞಾನಿಗಳು ವಂಶವಾಹಿ ಹೋಲಿಸಿ ನೋಡಿ ಅದನ್ನು ಬೇರೆ ಕುಲಕ್ಕೆ ಸೇರಿಸಿದರು. ಶಿಲೀಂಧ್ರ ಮಾತ್ರ ಮೊದಲಿನದೇ.

ಇದು ಪಂಡಿತರ ವಿಷಯ, ನಮಗ್ಯಾಕೆ ಅನ್ನಬೇಡಿ. ಕಬ್ಬಿನ ಗೊಣ್ಣೆ ಹುಳಕ್ಕೆ ಗೊಬ್ಬರದಲ್ಲಿ ಕಲಸಿ ಮಣ್ಣಿಗೆ ಕೊಡುವುದು ‘ಮೆಟಾರೈಜಿಯಂ ಅನಿಸೊಪ್ಲಿಯೆ’. ಈಗ ಎರಡಕ್ಕೂ ಮೊದಲ ಹೆಸರು ಒಂದೇ ಆಯಿತು. ಕೆಲಸ ಬೇರೆ, ಹಾಕುವ ಜಾಗ ಬೇರೆ. ಅಂಗಡಿಯಲ್ಲಿ “ಮೆಟಾರೈಜಿಯಂ ಕೊಡ್ರಿ” ಅಂದರೆ ಯಾವುದು ಕೈಗೆ ಬರತೈತಿ? ಎಲೆಗೆ ಹೊಡೆಯುವುದನ್ನು ಮಣ್ಣಿಗೆ ಹಾಕಿದರೆ ರೊಕ್ಕ ಹೋಯಿತು, ಬೆಳೆಯೂ ಹೋಯಿತು. “ನೊಮುರಿಯಾ ಸಿಗವಲ್ದು” ಅಂತ ತಿರುಗಿ ಬಂದವನು ಮರುದಿನ ವಿಷದ ಬಾಟಲಿ ಹಿಡಿಯುತ್ತಾನೆ. ಎರಡೂ ಬೇರೆ ಔಷಧ ಅಂದುಕೊಂಡವನು ಎರಡು ಪಾಕೀಟು ತಂದು ಒಂದನ್ನೇ ಎರಡು ಸಲ ಹೊಡೆಯುತ್ತಾನೆ. ಎರಡೆಕರೆಯವನಿಗೆ ಇದು ಸಣ್ಣ ಲುಕ್ಸಾನಲ್ಲ.

ಹೆಸರು ಬದಲಾಗುವುದು ಹೊಸ ಸಂಗತಿಯಲ್ಲ. ಹೆಸರುಕಾಳಿನ ಹೆಸರನ್ನೇ ನೋಡಿ. ಹಳೆಯ ಪುಸ್ತಕದಲ್ಲಿ ಅದು ‘ಫೇಸಿಯೋಲಸ್’, 1954ರಿಂದ ‘ವಿಗ್ನಾ ರೇಡಿಯಾಟಾ’. ಉದ್ದು, ಮಡಕಿ ಕೂಡ ಹೀಗೇ ಫೇಸಿಯೋಲಸ್ ಬಿಟ್ಟು ವಿಗ್ನಾಕ್ಕೆ ಹೋದವು. ದತ್ತಕ ಹೋದ ಹುಡುಗನ ಅಡ್ಡಹೆಸರು ಬದಲಾಗತೈತಿ, ಹುಡುಗ ಬದಲಾಗೋದಿಲ್ಲ. ಇದು ಇಷ್ಟೇ.

ಇನ್ನೊಂದು ತೊಡಕು ಇದಕ್ಕೆ ಉಲ್ಟಾ. ಹೆಸರು ಒಂದೇ, ಗಿಡ ಬೇರೆ. ನಮ್ಮೂರಿಗೆ ಹೆಸರು ತಂದವನು ಶ್ರೀಕೃಷ್ಣ ಪಾರಿಜಾತದ ಕುಲಗೋಡ ತಮ್ಮಣ್ಣ. ನಮಗೆ ಪಾರಿಜಾತ ಅಂದರೆ ರಾತ್ರಿ ಅರಳಿ ಬೆಳಗಿಗೆ ಉದುರುವ, ಕೇಸರಿ ತೊಟ್ಟಿನ ಬಿಳಿ ಹೂ. ಶಾಸ್ತ್ರದಲ್ಲಿ ‘ನಿಕ್ಟಾಂಥಿಸ್’. ಉತ್ತರಪ್ರದೇಶದ ಬಾರಾಬಂಕಿ ಜಿಲ್ಲೆಯ ಕಿಂತೂರಿನಲ್ಲಿ ಪಾರಿಜಾತ ಅಂತ ಪೂಜೆ ಮಾಡುವುದು ಆಫ್ರಿಕಾ ಮೂಲದ ದೈತ್ಯ ಮರಕ್ಕೆ. ಅದು ‘ಅಡಾನ್ಸೋನಿಯಾ’. ಅದೇ ಜಾತಿಯ ಮರ ನಮ್ಮ ಸವಣೂರಿನಲ್ಲಿ ‘ದೊಡ್ಡ ಹುಣಸೆ’. ಹುಣಸೆಗೂ ಅದಕ್ಕೂ ಸಂಬಂಧ ಇಲ್ಲ. ಊರ ಹೆಸರನ್ನೇ ನಂಬಿ ಬೀಜ, ಸಸಿ ತರಿಸಿದರೆ ಏನು ಬಂದೀತು ಅನ್ನುವುದು ಇಷ್ಟರಿಂದಲೇ ಗೊತ್ತಾಗುತ್ತದೆ.

ಹಾಗಾದರೆ ಏನು ಮಾಡಬೇಕು? ತರಬೇತಿಯಲ್ಲಿ ಎರಡು ತಾಸು ಭಾಷಣ ಮಾಡಿದರೆ ಮನೆ ಮುಟ್ಟುವುದರೊಳಗೆ ಮರೆತುಹೋಗುತ್ತದೆ. ಒಂದು ಹಾಳೆಯ ಮೇಲೆ ಚೌಕ, ಬಾಣ ಹಾಕಿದ ಚಿತ್ರ ಕೊಟ್ಟರೆ ಗೋಡೆಗೆ ಅಂಟಿಸಿಕೊಳ್ಳಬಹುದು. ಆದರೆ ಚಿತ್ರ ಅಂದರೆ ಹತ್ತು ಬಾಣ ಅಡ್ಡಾದಿಡ್ಡಿ ಓಡಿಸುವುದಲ್ಲ. ನನ್ನ ಪ್ರಕಾರ ಹೀಗಿರಬೇಕು:

1. ಮೇಲಿನ ಚೌಕದಲ್ಲಿ ಲ್ಯಾಟಿನ್ ಹೆಸರು ಬೇಡ, ಹೊಲದಲ್ಲಿ ಕಣ್ಣಿಗೆ ಕಾಣುವುದು ಇರಲಿ.
2. ಒಂದು ಚೌಕಕ್ಕೆ ಒಂದೇ ಪ್ರಶ್ನೆ. ಬಾಣ ಮೇಲಿಂದ ಕೆಳಗೇ ಹೋಗಲಿ, ಹಿಂದಕ್ಕೆ ತಿರುಗಬಾರದು.
3. ‘ಹೆಸರು ಬದಲು, ಜೀವಿ ಅದೇ’ ಅನ್ನುವುದಕ್ಕೆ ನೇರ ಬಾಣ. ‘ಹೆಸರು ಒಂದೇ, ಜೀವಿ ಬೇರೆ’ ಅನ್ನುವಲ್ಲಿ ಬಾಣವೇ ಬೇಡ, ನಡುವೆ ದಪ್ಪ ಅಡ್ಡಗೆರೆ.
4. ‘ಗೊತ್ತಾಗಲಿಲ್ಲ’ ಅನ್ನುವ ದಾರಿಯೂ ಇರಬೇಕು. ಅದು ತಜ್ಞರ ಹತ್ತಿರ ಮಾದರಿ ಒಯ್ಯುವ ಕಡೆ ತೋರಿಸಲಿ.
5. ಮೂಲೆಯಲ್ಲಿ ಚಿತ್ರ ಬರೆದ ವರ್ಷ ಇರಲಿ. ನಾಳೆ ಹೆಸರು ಮತ್ತೆ ಬದಲಾದೀತು.

ಮೇಲಿನ ಶಿಲೀಂಧ್ರಕ್ಕೆ ಚಿತ್ರ ಹೀಗೆ ಬರುತ್ತದೆ:

ಹುಳ ಎಲ್ಲಿ ಐತಿ?
ಎಲೆ, ಸುಳಿಯಲ್ಲಿ → ರಿಲೈ. (ಬೊಟ್ರೈಟಿಸ್ ರಿಲೈ, 1883 → ನೊಮುರಿಯಾ ರಿಲೈ, 1974 → ಮೆಟಾರೈಜಿಯಂ ರಿಲೈ, 2014) → ಎಲೆಗೆ ಸಿಂಪಡಣೆ.
ಮಣ್ಣಲ್ಲಿ, ಬೇರಲ್ಲಿ → ಅನಿಸೊಪ್ಲಿಯೆ → ಗೊಬ್ಬರದ ಜೊತೆ ಮಣ್ಣಿಗೆ.
ಗೊತ್ತಿಲ್ಲ → ಹುಳ ಡಬ್ಬಿಯಲ್ಲಿ ಹಾಕಿಕೊಂಡು ಕೃಷಿ ವಿಜ್ಞಾನ ಕೇಂದ್ರಕ್ಕೆ.

ನೋಡಿ, ಗಟ್ಟಿ ಹಿಡಿಯಬೇಕಾದ್ದು ಎರಡನೆಯ ಹೆಸರು ಅಂತ ಚಿತ್ರವೇ ಹೇಳಿಬಿಟ್ಟಿತು. 1883ರಿಂದ ಮೊದಲ ಹೆಸರು ಏನೇ ಆದರೂ ‘ರಿಲೈ’ ಉಳಿದುಕೊಂಡಿದೆ. ಆದರೆ ಇದನ್ನೇ ಎಲ್ಲ ಕಡೆ ನಂಬಬೇಡಿ. ಕೆಲವು ಸಲ ಎರಡನೆಯದೂ ಬದಲಾಗುತ್ತದೆ. ಹುರುಳಿ ‘ಡಾಲಿಕಸ್ ಬೈಫ್ಲೋರಸ್’ ಇದ್ದದ್ದು ‘ಮ್ಯಾಕ್ರೊಟೈಲೋಮ ಯೂನಿಫ್ಲೋರಂ’ ಆಗಿ, ಎರಡೂ ಹೆಸರು ಹೊಸದಾದವು. ಅದಕ್ಕೇ ಒಂದೊಂದಕ್ಕೂ ಅದರದೇ ಚಿತ್ರ ಬೇಕು.

“ರೈತರಿಗೆ ಲ್ಯಾಟಿನ್ ಯಾಕೆ, ಕಂಪನಿ ಹೆಸರು ಸಾಕಲ್ಲ” ಅನ್ನುವವರಿದ್ದಾರೆ. ಕಂಪನಿ ಹೆಸರು ಕಂಪನಿಯ ಸ್ವತ್ತು. ಅಂಗಡಿ ಬದಲಾದರೆ ಅದೂ ಬದಲಾಗುತ್ತದೆ. ಶಾಸ್ತ್ರದ ಹೆಸರು ಯಾರ ಅಪ್ಪನ ಆಸ್ತಿಯೂ ಅಲ್ಲ. ಅದನ್ನು ಓದಬಲ್ಲವನು ಬೆಲೆ ಹೋಲಿಸಿ ಕೇಳಬಲ್ಲ. ಹಾಗಂತ ಹೆಸರು ಸರಿ ಇದ್ದಮಾತ್ರಕ್ಕೆ ಮಾಲು ಸರಿ ಅಂತಲ್ಲ. ತಯಾರಾದ ದಿನ, ಮುಗಿಯುವ ದಿನ ನೋಡಲೇಬೇಕು. ಒಳಗಿರುವುದು ಜೀವ ಇರುವ ವಸ್ತು, ಬಿಸಿಲಲ್ಲಿಟ್ಟರೆ ಸಾಯುತ್ತದೆ.

ತುಕ್ಕಾನಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಅರಭಾವಿಯಲ್ಲಿ ತೋಟಗಾರಿಕೆ ಕಾಲೇಜು, ಸಂಕೇಶ್ವರದಲ್ಲಿ ಕಬ್ಬಿನ ಸಂಶೋಧನೆ. ಗೋಕಾಕ, ಮೂಡಲಗಿ, ಹುಕ್ಕೇರಿಯವರಿಗೆ ಇವು ದೂರವಲ್ಲ. ಅವರಲ್ಲಿ ನನ್ನ ಬೇಡಿಕೆ ಇಷ್ಟೇ. ಹೆಸರು ಬದಲಾದಾಗ ಒಂದು ಹಾಳೆ ಚಿತ್ರ ಮಾಡಿರಿ. ಅಚ್ಚು ಹಾಕಿಸುವ ಮೊದಲು ನಾಲ್ಕು ಮಂದಿ ರೈತರ ಕೈಗೆ ಕೊಟ್ಟು, ಬಾಯಿಮಾತಿಲ್ಲದೆ ಅದರ ಪ್ರಕಾರ ಸರಿಯಾದ ಪಾಕೀಟು ಆರಿಸುತ್ತಾರೋ ನೋಡಿರಿ. ಎಡವಿದರೆ ತಪ್ಪು ಚಿತ್ರದ್ದು, ರೈತನದಲ್ಲ.

ನಾವೂ ಸುಮ್ಮನೆ ಕೂಡಬಾರದು. ಖಾಲಿ ಪಾಕೀಟು ಬಿಸಾಡುವ ಮುಂಚೆ ಅದರ ಮೇಲಿನ ಎರಡೂ ಹೆಸರು ಒಂದು ವಹಿಯಲ್ಲಿ ಬರೆದಿಡೋಣ. ಪಕ್ಕದಲ್ಲಿ ಯಾವ ಹುಳಕ್ಕೆ ತಂದದ್ದು, ಏನಾಯಿತು ಅನ್ನುವುದೂ ಇರಲಿ.