ಮೀಟರ್ ಕಮ್ಮಿ, ರೇಟ್ ಜಾಸ್ತಿ

ಭಾನುವಾರ ಬೆಳಿಗ್ಗೆ ದೇವನಹಳ್ಳಿ ಸುತ್ತಮುತ್ತ ಇರೋರಿಗೆ ಅಲಾರಂ ಬೇಕಾಗಿಲ್ಲ. ಆರು ಗಂಟೆ ಹೊತ್ತಿಗೆ ಬಳ್ಳಾರಿ ರಸ್ತೆ ಕಡೆಯಿಂದ ಸದ್ದು ಬರುತ್ತೆ. ಮೊದಲು ಜೇನುಹುಳದ ಹಾಗೆ, ಹತ್ತಿರ ಬಂದಾಗ ಹೊಸ ಬಟ್ಟೆ ಹರಿದ ಹಾಗೆ. ಲ್ಯಾಂಬೊರ್ಗಿನಿ, ಫೆರಾರಿ, ಪೋರ್ಶೆ, ಅದೃಷ್ಟ ಇದ್ದರೆ ಒಂದು ಮೆಕ್‌ಲಾರೆನ್. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ರಸ್ತೆ ಹಂತ ಹಂತವಾಗಿ ಅಗಲ ಆಯ್ತು, ನುಣುಪೂ ಆಯ್ತು. ಬೆಂಗಳೂರಿನ ಸಿಗ್ನಲ್‌ಗಳಲ್ಲಿ ಉಸಿರು ಕಟ್ಟಿಕೊಂಡು ನಿಲ್ಲೋ ಈ ಕಾರುಗಳಿಗೆ ಕಾಲು ಚಾಚೋಕೆ ಸಿಕ್ಕಿದ್ದು ಇದೇ ಜಾಗ. ಸಾದಹಳ್ಳಿ ಟೋಲ್ ದಾಟಿ, ನಂದಿ ಬೆಟ್ಟದ ಕಡೆ ಒಂದು ಸುತ್ತು ಹೋಗಿ, ವಾಪಸ್ ಬರುವಾಗ ತಿಂಡಿ.

ಆ ತಿಂಡಿ ಟೇಬಲ್ ಇದೆಯಲ್ಲ, ನನಗೆ ಕಾರಿಗಿಂತ ಅದೇ ಇಷ್ಟ. ನನ್ನದು ಏಳು ವರ್ಷದ ಸ್ವಿಫ್ಟ್. ಕಾಲೇಜಿನ ಗೆಳೆಯನೊಬ್ಬ ಆ ಗುಂಪಲ್ಲಿ ಇದ್ದಾನೆ ಅನ್ನೋ ಒಂದೇ ಅರ್ಹತೆ ಮೇಲೆ ಅಲ್ಲಿ ಕೂರ್ತೀನಿ. ಅವರು ಇಡ್ಲಿ-ವಡೆ ಮುಂದಿಟ್ಟುಕೊಂಡು ಜಗಳ ಆಡ್ತಾರೆ. ಹೊಸ ಕಾರಿನ ಬಗ್ಗೆ ಯಾರೂ ಹೆಚ್ಚು ಮಾತಾಡಲ್ಲ, ಅದಕ್ಕೆ ಶೋರೂಮಿನಲ್ಲಿ ರೇಟ್ ಬರೆದಿರುತ್ತೆ, ಮುಗೀತು. ಜಗಳ ಎಲ್ಲ ಹಳೇ, ಅಪರೂಪದ ಕಾರುಗಳದು. ಅವುಗಳ ಬೆಲೆ ಎಷ್ಟು? ಅಷ್ಟು ಯಾಕೆ?

ಒಬ್ಬರು ಮ್ಯಾನ್ಯುವಲ್ ಗೇರ್ ಭಕ್ತರು. ಲ್ಯಾಂಬೊರ್ಗಿನಿ ಗಲಾರ್ಡೊ 2003ರಿಂದ 2013ರವರೆಗೆ ಬಂತು, ಒಟ್ಟು 14,022 ತಯಾರಾದವು. ಈ ಲೆಕ್ಕ ನೋಡಿದರೆ ಅದು ಅಪರೂಪವೇ ಅಲ್ಲ. ಆದರೆ ಹೆಚ್ಚಿನವು ಸ್ಟೀರಿಂಗ್ ಹಿಂದಿನ ಪ್ಯಾಡಲ್‌ನಿಂದ ಗೇರ್ ಬದಲಿಸೋವು. ಲೋಹದ ತಟ್ಟೆಯಲ್ಲಿ ಸೀಳು ಕೊರೆದು, ಅದರೊಳಗೆ ಗೇರ್ ಲಿವರ್ 'ಟಕ್' ಅಂತ ಓಡಾಡೋ ಮಾದರಿ ಕಡಿಮೆ. ಅದರ ನಂತರ ಬಂದ ಹುರಾಕಾನ್‌ನಲ್ಲಿ ಮ್ಯಾನ್ಯುವಲ್ ಇಲ್ಲವೇ ಇಲ್ಲ. ಫೆರಾರಿಯಲ್ಲೂ ಇದೇ ಕಥೆ, ಎಫ್430ರಲ್ಲಿ ಇತ್ತು, 458ರಲ್ಲಿ ಹೋಯ್ತು. "ಆ 'ಟಕ್' ಸದ್ದಿಗೇ ದುಡ್ಡು ಕೊಡೋದು ಸಾರ್," ಅಂತಾರೆ ಅವರು. ಸದ್ದಿಗೆ ಲಕ್ಷಗಟ್ಟಲೆಯಾ ಅಂತ ನಗಬೇಡಿ. ವೀಣೆಗೆ ಕೊಡಲ್ವಾ?

ಎದುರು ಕೂರೋರು ಲೆಕ್ಕದ ಮನುಷ್ಯ. ಅವರ ಹತ್ತಿರ ಆಡಿ ಆರ್8 ಇದೆ. "ಗಲಾರ್ಡೊದ ಕೊನೇ ವರ್ಷಗಳ 5.2 ಲೀಟರ್ ವಿ10 ಎಂಜಿನ್ ಕುಟುಂಬವೇ ನನ್ನ ಕಾರಲ್ಲೂ ಇರೋದು. ಗೂಳಿ ಚಿತ್ರ ಇಲ್ಲ ಅಷ್ಟೆ. ಚಿತ್ರಕ್ಕೆ ಎಷ್ಟು ಕೊಟ್ರಿ ಹೇಳಿ," ಅಂತ ಪ್ರತಿ ವಾರ ಕೆಣಕ್ತಾರೆ. ಮಾತು ನಿಜ. ಆದರೆ ಮಾರೋಕೆ ಹೋದಾಗ ಆ ಚಿತ್ರಕ್ಕೂ ರೇಟ್ ಸಿಗುತ್ತೆ ಅನ್ನೋದೂ ಅಷ್ಟೇ ನಿಜ.

ಜಗಳ ಜೋರಾಗೋದು ಇನ್ನೊಂದು ವಿಷಯಕ್ಕೆ: ಓಡಿಸಬೇಕೋ, ಮುಚ್ಚಿಡಬೇಕೋ.

ಮುಚ್ಚಿಡಿ ಅನ್ನೋ ಪಕ್ಷದವರು ಮೆಕ್‌ಲಾರೆನ್ ಎಫ್1 ಕಥೆ ಹೇಳ್ತಾರೆ. ಒಟ್ಟು 106 ಮಾತ್ರ ತಯಾರಾದ ಕಾರು. ಅದರಲ್ಲಿ ಒಂದು 2021ರ ಆಗಸ್ಟ್‌ನಲ್ಲಿ ಅಮೆರಿಕದ ಪೆಬಲ್ ಬೀಚ್ ಹರಾಜಿನಲ್ಲಿ 2 ಕೋಟಿ ಡಾಲರಿಗೂ ಹೆಚ್ಚಿಗೆ ಹೋಯ್ತು. ಮೀಟರ್‌ನಲ್ಲಿ ಇದ್ದದ್ದು 242 ಮೈಲಿ. ಅಂದರೆ ಕಾಲು ಶತಮಾನದಲ್ಲಿ ಅದು ಓಡಿದ್ದು ಬೆಂಗಳೂರಿಂದ ಹುಬ್ಬಳ್ಳಿಗೆ ಒಂದು ಸಲ ಹೋದಷ್ಟು!

ಓಡಿಸಿ ಅನ್ನೋರ ಹತ್ತಿರವೂ ಅದೇ ಕಾರಿನ ಕಥೆ ಇದೆ. ಮಿಸ್ಟರ್ ಬೀನ್ ಗೊತ್ತಲ್ಲ, ರೋವನ್ ಅಟ್ಕಿನ್ಸನ್. ಅವರು 1997ರಲ್ಲಿ ಸುಮಾರು 5.4 ಲಕ್ಷ ಪೌಂಡ್ ಕೊಟ್ಟು ಒಂದು ಎಫ್1 ತಗೊಂಡರು. 41 ಸಾವಿರ ಮೈಲಿ ಓಡಿಸಿದರು. ಎರಡು ಸಲ ಗುದ್ದಿಸಿದರು. ಎರಡನೇ ಸಲ ವಿಮಾ ಕಂಪನಿಗೆ ಬಂದ ರಿಪೇರಿ ಬಿಲ್ 9 ಲಕ್ಷ ಪೌಂಡ್ ದಾಟಿತ್ತು. ಆಮೇಲೂ 2015ರಲ್ಲಿ ಅದು ಮಾರಾಟ ಆಗಿದ್ದು ಸುಮಾರು 80 ಲಕ್ಷ ಪೌಂಡಿಗೆ. "ನೋಡಿ, ಓಡಿಸಿದರೂ ಬೆಲೆ ಏರುತ್ತೆ," ಅಂತ ಇವರು. "ಅದು ಮಿಸ್ಟರ್ ಬೀನ್ ಕಾರು ರೀ, ನಿಮ್ಮದಲ್ಲ," ಅಂತ ಅವರು. ಅಷ್ಟೊತ್ತಿಗೆ ಕಾಫಿ ಬರುತ್ತೆ.

ಈ ಎರಡೂ ಕಥೆ ನಮ್ಮೂರಿಗೆ ಹೊಂದಲ್ಲ ಅನ್ನೋದು ನನ್ನ ವಾದ. 106 ಕಾರುಗಳ ಕಥೆಯನ್ನ 14 ಸಾವಿರ ಕಾರುಗಳಿಗೆ ಅಂಟಿಸೋಕೆ ಆಗಲ್ಲ. ಅದಕ್ಕಿಂತ ಮುಖ್ಯವಾಗಿ, ನಮ್ಮ ಮಾರುಕಟ್ಟೆ ಒಂದು ಚಿಕ್ಕ ಕುಂಟೆ ಇದ್ದ ಹಾಗೆ. ಮೂರು ವರ್ಷಕ್ಕಿಂತ ಹಳೆಯ ಕಾರನ್ನ ಮಾಮೂಲಿ ದಾರಿಯಲ್ಲಿ ಆಮದು ಮಾಡೋ ಹಾಗಿಲ್ಲ, ಸ್ಟೀರಿಂಗ್ ಬಲಗಡೆಯೇ ಇರಬೇಕು. ಹಾಗಾಗಿ ಹೊಸದಿದ್ದಾಗ ಸುಂಕ ಕಟ್ಟಿ ಬಂದ ಕಾರುಗಳೇ ಇಲ್ಲಿ ಕೈಯಿಂದ ಕೈಗೆ ಸುತ್ತೋದು. ಅದರಿಂದ ಬೆಲೆ ಏರಬೇಕಲ್ವಾ ಅಂತ ಕೇಳಬಹುದು. ಕುಂಟೆಯಲ್ಲಿ ಮೀನು ಕಮ್ಮಿ ಇದ್ದ ಹಾಗೆ ಗಾಳ ಹಾಕೋರೂ ಕಮ್ಮಿ. ನಿಮಗೆ ದುಡ್ಡು ಬೇಕಾದ ತಿಂಗಳಲ್ಲೇ, ಅದೇ ಬಣ್ಣ, ಅದೇ ಮಾಡೆಲ್ ಇಷ್ಟಪಡೋ ಒಬ್ಬ ಗಿರಾಕಿ ಸಿಗಬೇಕು. ಸಿಗಲಿಲ್ಲ ಅಂದ್ರೆ ಬೆಲೆ ಅನ್ನೋದು ಬರೀ ಬಾಯಿಮಾತು.

ಇನ್ನು ಹೆಸರಿನ ಬೆಲೆ. 2002ರಲ್ಲಿ ಸಚಿನ್ ತೆಂಡೂಲ್ಕರ್ ಬ್ರಾಡ್ಮನ್ ಅವರ 29 ಟೆಸ್ಟ್ ಶತಕ ಸರಿಗಟ್ಟಿದ್ದಕ್ಕೆ ಫೆರಾರಿ 360 ಮೊಡೆನಾ ಉಡುಗೊರೆ ಬಂತು, ಕೊಟ್ಟಿದ್ದು ಶೂಮಾಕರ್ ಕೈಯಿಂದ. ಅದರ ಆಮದು ಸುಂಕ ಒಂದು ಕೋಟಿಗೂ ಜಾಸ್ತಿ. ವಿನಾಯಿತಿ ಕೊಟ್ಟಿದ್ದಕ್ಕೆ ದೊಡ್ಡ ಗಲಾಟೆ ಆಗಿ, ಕೊನೆಗೆ ಫಿಯಟ್ ಕಂಪನಿಯೇ ಸುಂಕ ಕಟ್ಟಿತು. 2011ರಲ್ಲಿ ಆ ಕಾರು ಸೂರತ್‌ನ ಉದ್ಯಮಿಯೊಬ್ಬರ ಪಾಲಾಯ್ತು. ನಮ್ಮಲ್ಲೂ ಇಂಥದ್ದು ನಡೆದಿದೆ. ಸೂಪರ್‌ಕಾರ್ ಅಲ್ಲ, ರೋಲ್ಸ್ ರಾಯ್ಸ್. ಅಮಿತಾಭ್ ಬಚ್ಚನ್ ಅವರ ಹಳೇ ಫ್ಯಾಂಟಮ್ ಬೆಂಗಳೂರಿಗೆ ಬಂದು, ದಾಖಲೆಯಲ್ಲಿ ಇನ್ನೂ ಅವರ ಹೆಸರೇ ಇದ್ದಾಗ, 2021ರ ಆಗಸ್ಟ್‌ನಲ್ಲಿ ಸಾರಿಗೆ ಇಲಾಖೆ ಅದನ್ನ ವಶಕ್ಕೆ ತಗೊಂಡಿತ್ತು.

ಹೆಸರು ಬಿಡಿ, ನಮ್ಮಲ್ಲಿ ಹಳೇ ಕಾರಿನ ನಿಜವಾದ ಬೆಲೆ ಇರೋದು ಕಾಗದದಲ್ಲಿ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಜೀವಾವಧಿ ತೆರಿಗೆ 18 ಪರ್ಸೆಂಟ್, ಸೆಸ್ ಬೇರೆ. 4 ಕೋಟಿಯ ಕಾರಾದರೆ ಬರೀ ತೆರಿಗೆ 72 ಲಕ್ಷ. ಅದಕ್ಕೇ ಎಷ್ಟೋ ಜನ ಮಹಾರಾಷ್ಟ್ರ, ಪುದುಚೇರಿ ನಂಬರ್ ಹಾಕಿಸಿ ಇಲ್ಲಿ ಓಡಿಸ್ತಾರೆ. ಮೋಟಾರು ವಾಹನ ಕಾಯ್ದೆ ಪ್ರಕಾರ ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ನಂಬರ್ ಹಾಕಿಸಲೇಬೇಕು. 2025ರ ಫೆಬ್ರುವರಿಯಲ್ಲಿ ಬೆಂಗಳೂರಲ್ಲಿ ಸಾರಿಗೆ ಇಲಾಖೆಯವರು ಒಂದೇ ಕಾರ್ಯಾಚರಣೆಯಲ್ಲಿ 30 ಐಷಾರಾಮಿ ಕಾರು ಹಿಡಿದರು. ಜುಲೈಯಲ್ಲಿ ಮಹಾರಾಷ್ಟ್ರ ನಂಬರಿನ ಒಂದೇ ಒಂದು ಫೆರಾರಿ ಎಸ್‌ಎಫ್90ಗೆ ದಂಡ ಸೇರಿ 1.41 ಕೋಟಿ ವಸೂಲಾಯ್ತು. ಕೆಂಪು ಬಣ್ಣದ ಕಾರು, ರಸ್ತೆಯಲ್ಲಿ ಎಲ್ಲಿ ಬಚ್ಚಿಡ್ತೀರಿ?

ಇಷ್ಟೆಲ್ಲ ಈ ಸಲ ಬರೆಯೋಕೆ ಕಾರಣ ನನ್ನ ಅತ್ತೆ ಮಗ. ವಿಜಯಪುರದ ಹತ್ತಿರ ಅವರದು ಜಮೀನು. ಅದರಲ್ಲಿ ಒಂದು ತುಂಡು ಮಾರಿದ್ದಾರೆ. ಈ ಕಡೆ ಜಮೀನು ಮಾರೋದು ಸುಲಭದ ಮಾತಲ್ಲ. ಪಕ್ಕದ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಭೂಸ್ವಾಧೀನದ ವಿರುದ್ಧ 13 ಹಳ್ಳಿಗಳ ರೈತರು ಮೂರು ವರ್ಷಕ್ಕೂ ಮೀರಿ ಧರಣಿ ಕೂತು, 2025ರ ಜುಲೈಯಲ್ಲಿ ಸರ್ಕಾರ ಅದನ್ನ ಕೈಬಿಡೋ ಹಾಗೆ ಮಾಡಿದರು. ಅಂಥ ಮಣ್ಣು. ಅದರ ದುಡ್ಡಲ್ಲಿ ಭಾವ ಒಂದು 2011ರ ಗಲಾರ್ಡೊ ನೋಡಿ ಬಂದಿದ್ದಾರೆ. ಮಹಾರಾಷ್ಟ್ರ ನಂಬರ್. ಓಡಿರೋದು 9 ಸಾವಿರ ಕಿ.ಮೀ. ಕೇಳ್ತಿರೋದು ಒಂದು ಕೋಟಿಗೆ ಸ್ವಲ್ಪ ಕಮ್ಮಿ.

"ಶೋಕಿಗಲ್ಲ ಕಣೋ, ಇನ್ವೆಸ್ಟ್‌ಮೆಂಟು. ಮೀಟರ್ ಕಮ್ಮಿ ಇದೆ, ಐದು ವರ್ಷಕ್ಕೆ ಡಬಲ್ ಅಂತ ಡೀಲರ್ ಹೇಳಿದ," ಅಂದರು.

"ಭಾವ, ಶೋಕಿಗೆ ಅಂತ ಹೇಳಿದ್ರೆ ನಾನೇ ಜೊತೆಗೆ ಬರ್ತಿದ್ದೆ," ಅಂದೆ.

ಅತ್ತೆ ಫೋನಲ್ಲಿ ಫೋಟೋ ನೋಡಿದರು. ಮುಂದಿನ ಬಾನೆಟ್ ಒಳಗೆ ಡಿಕ್ಕಿ ಇರೋದು ಕಂಡು, "ಎಂಜಿನ್ ಎಲ್ಲೋ ಹೋಯ್ತು?" ಅಂದರು. ಹಿಂದೆ ಇದೆ ಅತ್ತೆ ಅಂದೆ. "ಒಂದು ಮೂಟೆ ರಾಗಿ ಹಿಡಿಯುತ್ತಾ?" ಹಿಡಿಯಲ್ಲ ಅಂದೆ. ಮಾವ ಏನೂ ಹೇಳಲಿಲ್ಲ, ಎದ್ದು ಹಸುಗಳ ಕಡೆ ಹೋದರು. ಅವರು ಮಾತಾಡದೆ ಎದ್ದು ಹೋದರೆ ಏನರ್ಥ ಅಂತ ಆ ಮನೆಯಲ್ಲಿ ಎಲ್ಲರಿಗೂ ಗೊತ್ತು.

ಭಾವನಿಗೆ ನಾನು ಹೇಳಿದ್ದು ತಿಂಡಿ ಟೇಬಲ್‌ನಲ್ಲಿ ಕಲಿತದ್ದನ್ನೇ. ಮೀಟರ್ ಕಮ್ಮಿ ಅಂದ ತಕ್ಷಣ ಖುಷಿ ಪಡಬೇಡಿ. ಹದಿನಾಲ್ಕು ವರ್ಷ ನಿಂತ ಕಾರಿನಲ್ಲಿ ರಬ್ಬರ್ ಒಣಗುತ್ತೆ, ಸೀಲ್ ಸೋರುತ್ತೆ, ಬ್ಯಾಟರಿ ಸಾಯುತ್ತೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ: ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2011 ಅಂತಿದ್ದರೆ ಅದು 2011ನೇ ಇಸವಿ ಅಲ್ಲ, 2011ರ 20ನೇ ವಾರ. ಮೇಲೆ ನೋಡೋಕೆ ಹೊಸದಿದ್ದರೂ ಅಷ್ಟು ವಯಸ್ಸಾದ ಟೈರಿನಲ್ಲಿ ಇನ್ನೂರು ಕಿ.ಮೀ. ವೇಗದ ಮಾತು ಎತ್ತಬಾರದು. ಪ್ಯಾಡಲ್ ಗೇರಿನ ಗಲಾರ್ಡೊದಲ್ಲಿ ಕ್ಲಚ್ ಎಷ್ಟು ಸವೆದಿದೆ ಅಂತ ಕಂಪ್ಯೂಟರ್ ಹಚ್ಚಿ ಓದಬಹುದು. ಊರೊಳಗಿನ ಟ್ರಾಫಿಕ್‌ನಲ್ಲಿ ನಿಂತು ನಿಂತು ಓಡಿದ 9 ಸಾವಿರ ಕಿ.ಮೀ. ಬೇರೆ, ಹೈವೇ 9 ಸಾವಿರ ಬೇರೆ. ಆ ಓದು ಕೊಡೋಕೆ ಡೀಲರ್ ಹಿಂದೆಮುಂದೆ ನೋಡಿದರೆ ಅಲ್ಲೇ ಉತ್ತರ ಸಿಕ್ಕಿತು.

ಸರ್ವೀಸ್ ಫೈಲ್ ಕೇಳಿ ಅಂದೆ. ಬಿಲ್‌ಗಳು ವರ್ಷ ವರ್ಷ ಇರಬೇಕು, ಒಂದು ವರ್ಷ ಖಾಲಿ ಇದ್ದರೆ ಯಾಕೆ ಅಂತ ಕೇಳಬೇಕು. ಆ ಗುಂಪಿನಲ್ಲಿ 40 ಸಾವಿರ ಕಿ.ಮೀ. ಓಡಿದ ಒಂದು ಹಳೇ ಪೋರ್ಶೆ 911 ಇದೆ. ಅದರ ಫೈಲ್ ಮದುವೆ ಆಲ್ಬಂ ಅಷ್ಟು ದಪ್ಪ. ಮಾರ್ತೀನಿ ಅಂದರೆ ಆ ಟೇಬಲ್‌ನಲ್ಲೇ ಇಬ್ಬರು ಕೈ ಎತ್ತುತ್ತಾರೆ. ಕಮ್ಮಿ ಓಡಿದ, ಫೈಲ್ ಇಲ್ಲದ ಕಾರಿಗೆ ಯಾರೂ ಎತ್ತಲ್ಲ. ಇದು ನಾನೇ ಕಂಡಿದ್ದು.

ಕಾಗದದ ಖರ್ಚು ಬೇರೆ. ಮಹಾರಾಷ್ಟ್ರದಿಂದ ಎನ್‌ಒಸಿ ತರಬೇಕು, ಇಲ್ಲಿ ವಯಸ್ಸಿಗೆ ತಕ್ಕ ಜೀವಾವಧಿ ತೆರಿಗೆ ಕಟ್ಟಿ ಕೆಎ-43 ಮಾಡಿಸಬೇಕು. 15 ವರ್ಷ ತುಂಬಿದ ಮೇಲೆ ಆರ್‌ಸಿ ನವೀಕರಣ; ಆಮದು ಕಾರಿಗೆ ಆ ಶುಲ್ಕವನ್ನ 2022ರ ಏಪ್ರಿಲ್‌ನಲ್ಲೇ 40 ಸಾವಿರಕ್ಕೆ ಏರಿಸಿದ್ದರು. ಈ ಕಾರಿಗೆ ಶುಲ್ಕ ದೊಡ್ಡದಲ್ಲ. ಆದರೆ 15 ತುಂಬಿದ ಕಾರು ಅಂದ ತಕ್ಷಣ ಮುಂದಿನ ಗಿರಾಕಿ ಚೌಕಾಸಿ ಶುರು ಮಾಡ್ತಾನೆ. ಡಬಲ್ ಆಗೋ ಮಾತು ಹೇಳಿದ ಡೀಲರ್, ಐದು ವರ್ಷದ ನಂತರ ತಾನೇ ಆ ಬೆಲೆಗೆ ವಾಪಸ್ ತಗೋತೀನಿ ಅಂತ ಬರೆದುಕೊಡ್ತಾನಾ ಕೇಳಿ ಅಂದೆ. ಭಾವ ನಕ್ಕರು, ಕೇಳಿದ್ದರಂತೆ. ಆತ ಮಾತು ತೇಲಿಸಿದನಂತೆ.

ಇನ್ನೊಂದು, ಟೇಬಲ್‌ನಲ್ಲಿ ಯಾರೂ ಎತ್ತದ ಮಾತು. ಹಂಪ್. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕದಲ್ಲಿ ಹಂಪ್ ಎತ್ತರ 10 ಸೆಂ.ಮೀ., ಅಗಲ 3.7 ಮೀಟರ್ ಇರಬೇಕು. ನಮ್ಮ ಹಳ್ಳಿಗಳ ಹಂಪ್‌ಗೆ ಆ ಲೆಕ್ಕ ಗೊತ್ತಿಲ್ಲ. ನೆಲಕ್ಕೂ ಕಾರಿಗೂ ನಾಲ್ಕೈದು ಇಂಚು ಅಂತರ ಇರೋ ಬಂಡಿಯನ್ನ ಹೈವೇ ಬಿಟ್ಟು ಭಾವನ ಮನೆವರೆಗೆ ತರೋಕೆ ಏಳು ಹಂಪ್ ದಾಟಬೇಕು, ಎಣಿಸಿದ್ದೀನಿ. ಅಡ್ಡಡ್ಡ ತಿರುಗಿಸಿ, ಒಂದೊಂದೇ ಚಕ್ರ ಹತ್ತಿಸಿ. ಹಿಂದೆ ಹಾಲಿನ ಕ್ಯಾನ್ ಕಟ್ಟಿದ ಬೈಕ್‌ಗಳು ಕಾಯ್ತಾ ನಿಂತಿರುತ್ತವೆ. ಆ ಹಂಪ್ ಹಾಕಿಸಿದ್ದು ಯಾಕೆ ಅಂತಲೂ ಊರಿಗೆ ಗೊತ್ತು: ಭಾನುವಾರ ಬೆಳಿಗ್ಗೆ ಒಳರಸ್ತೆಗೆ ನುಗ್ಗೋ ಗಾಡಿಗಳಿಗೆ ಹೆದರಿ. ಹಾಲು ಹಾಕೋಕೆ, ಹೂವು ತಗೊಂಡು ಮಾರ್ಕೆಟ್‌ಗೆ ಹೋಗೋಕೆ ಜನ ರಸ್ತೆಗೆ ಇಳಿಯೋದೂ ಅದೇ ಆರು ಗಂಟೆಗೆ. ನನ್ನ ಗೆಳೆಯರು ಒಳ್ಳೆಯವರೇ, ಹೆಚ್ಚಿನವರು ಹಳ್ಳಿ ಬಂದಾಗ ನಿಧಾನ ಮಾಡ್ತಾರೆ. ಹೆಚ್ಚಿನವರು ಅಂತ ಬರೆದೆ, ಎಲ್ಲರೂ ಅಂತ ಬರೆಯೋಕೆ ಆಗಲಿಲ್ಲ.

ಹಾಗಂತ ಭಾವನಿಗೆ ಬೇಡ ಅಂತ ನಾನು ಹೇಳಿಲ್ಲ. ಚಿಕ್ಕಂದಿನಲ್ಲಿ ಅವರ ರೂಮಿನ ಗೋಡೆ ಮೇಲೆ ದೇವರ ಕ್ಯಾಲೆಂಡರ್ ಪಕ್ಕ ಲ್ಯಾಂಬೊರ್ಗಿನಿ ಪೋಸ್ಟರ್ ಇತ್ತು, ಅದು ನನಗೂ ನೆನಪಿದೆ. ಎರಡು ಲೆಕ್ಕ ಬೇರೆ ಮಾಡಿ ಅಂದೆ. ಜಮೀನಿನ ದುಡ್ಡಲ್ಲಿ ಮಕ್ಕಳಿಗೆ, ಮನೆಗೆ, ಬೋರ್‌ವೆಲ್‌ಗೆ ಇಷ್ಟು ಅಂತ ಮೊದಲು ಎತ್ತಿಡಿ. ಉಳಿದದ್ದು ಪೂರ್ತಿ ಹೋದರೂ ಮಾವನ ಮುಖ ನೋಡಿ ಊಟ ಮಾಡೋಕೆ ಆಗುತ್ತೆ ಅಂತಾದರೆ, ಕಾರು ತಗೊಳ್ಳಿ, ವಾರಕ್ಕೊಮ್ಮೆ ಓಡಿಸಿ, ಮುಚ್ಚಿಡಬೇಡಿ. ಉಳಿಯೋದು ಅಷ್ಟಿಲ್ಲ ಅಂದರೆ ಭಾನುವಾರ ನನ್ನ ಸ್ವಿಫ್ಟ್‌ನಲ್ಲಿ ಬನ್ನಿ, ಟೇಬಲ್‌ನಲ್ಲಿ ಜಾಗ ಇದೆ.

ನಿನ್ನೆ ರಾತ್ರಿ ಭಾವ ಫೋನ್ ಮಾಡಿದ್ದರು. ಕ್ಲಚ್ ರಿಪೋರ್ಟ್ ಇನ್ನೂ ಬಂದಿಲ್ಲ. ಬೇರೆ ಪಾರ್ಟಿ ರೆಡಿ ಇದೆ, ಶುಕ್ರವಾರದೊಳಗೆ ಐದು ಲಕ್ಷ ಟೋಕನ್ ಕೊಡಿ ಅಂತಿದ್ದಾನಂತೆ ಡೀಲರ್. ಆ ಪಾರ್ಟಿಗೇ ಕೊಡೋಕೆ ಹೇಳಿ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನಾಳೆ ಸರ್ವೀಸ್ ಫೈಲ್ ಇನ್ನೊಂದ್ ಸಲ ಕೇಳ್ತೀನಿ," ಅಂದರು.