ಉಳಿದವರ ದಾಖಲೆ ಹುಡುಕಿ

ವಲಸೆ ಹೋದವರ ಬೇರು ಹುಡುಕುವವರಿಗೆ ನನ್ನದೊಂದು ಮಾತು: ಹೊರಟವರ ಬೆನ್ನು ಹತ್ತುವ ಮೊದಲು ಊರಲ್ಲೇ ಉಳಿದವರನ್ನು ಹುಡುಕಿ. ಕೆನಡಾದ ನೋವಾ ಸ್ಕೋಷಿಯಾದಲ್ಲಿ ನಮ್ಮ ನೆರೆಮನೆಯ ಅಜ್ಜಿಗೆ ಸ್ಕಾಟ್ಲೆಂಡಿನ ಬೇರು ಹುಡುಕಲು ನೆರವಾಗುತ್ತಾ ನನಗಿದು ಮನದಟ್ಟಾಯಿತು. 1865ಕ್ಕಿಂತ ಮುಂಚೆ ಕೆನಡಾಕ್ಕೆ ಬಂದಿಳಿದವರ ಹೆಸರುಗಳ ಸಮಗ್ರ ಪಟ್ಟಿಯೇ ಇಲ್ಲ. 1773ರಲ್ಲಿ ಸ್ಕಾಟ್ಲೆಂಡಿನ ಬೆಟ್ಟಸೀಮೆಯ ಜನರನ್ನು ಪಿಕ್ಟೋಗೆ ಕರೆತಂದ ‘ಹೆಕ್ಟರ್’ ಹಡಗಿನ ಪಟ್ಟಿಯೂ ಎಷ್ಟೋ ವರ್ಷಗಳ ನಂತರ ನೆನಪಿನಿಂದ ಬರೆದದ್ದು.

ಸ್ಕಾಟ್ಲೆಂಡಿನಲ್ಲಿ ಸರ್ಕಾರಿ ಜನನ-ಮರಣ ನೋಂದಣಿ ಶುರುವಾದದ್ದು 1855ರ ಜನವರಿ 1ರಂದು. ಆ ಒಂದು ವರ್ಷದ ಮರಣ ದಾಖಲೆ ನಿಜಕ್ಕೂ ನಿಧಿ: ಹುಟ್ಟಿದ ಊರು, ತಂದೆಯ ಹೆಸರು, ಕಸುಬು, ತಾಯಿಯ ತವರಿನ ಹೆಸರು, ಮಕ್ಕಳ ಹೆಸರು-ವಯಸ್ಸು, ಹೂಳಿದ ಜಾಗ. ಇಷ್ಟೆಲ್ಲ ಬರೆಯುವುದು ಹೊರೆಯಾಯಿತೆಂದು ಮರುವರ್ಷವೇ ಹಲವು ಅಂಕಣ ಕೈಬಿಟ್ಟರು.

ಊರಲ್ಲೇ ಉಳಿದಿದ್ದ, ಅಜ್ಜಿಯ ಮುತ್ತಾತನ ಅಕ್ಕ ತೀರಿಕೊಂಡದ್ದು 1855ರಲ್ಲೇ. ಆಕೆಯ ದಾಖಲೆಯಲ್ಲಿ, ಬಲಕ್ಕೆ ವಾಲಿದ ಶಾಯಿಯ ಅಕ್ಷರಗಳಲ್ಲಿ, ತಾಯಿಯ ಹೆಸರು ಸಿಕ್ಕಿತು. ಅಂತರ್ಜಾಲದ ಸಿದ್ಧ ವಂಶವೃಕ್ಷಗಳಲ್ಲಿ ಆ ಜಾಗದಲ್ಲಿ ಬೇರೆ ಯಾರೋ ಹೆಂಗಸು! ಒಬ್ಬರು ಬರೆದದ್ದನ್ನು ಉಳಿದವರು ನಕಲು ಮಾಡಿದ್ದರು. ಮೂಲ ಪುಟದ ಚಿತ್ರಕ್ಕೆ ಸ್ಕಾಟ್ಲೆಂಡಿನ ರಾಷ್ಟ್ರೀಯ ದಾಖಲಾಲಯ ಸಣ್ಣ ಶುಲ್ಕ ಕೇಳುತ್ತದೆ. ಕೊಟ್ಟು ನೋಡಿ, ಆಮೇಲೆ ನಂಬಿ.