ಅಪ್ಪನ ಬಿ.ಪಿ. ಮಗನಿಗೂ ಬರುವುದೇ?

ಹತ್ತನೆಯ ತರಗತಿಗೆ ಅನುವಂಶೀಯತೆಯ ಪಾಠ ಮುಗಿಸಿ ಹೊರಬರುತ್ತಿದ್ದಾಗ ಹುಡುಗನೊಬ್ಬ ಹಿಂದೆಯೇ ಬಂದ. 'ಸರ್, ನಮ್ಮ ತಾತ ಬಿ.ಪಿ. ಜಾಸ್ತಿಯಾಗಿ ಲಕ್ವ ಹೊಡೆದು ತೀರಿಕೊಂಡರು. ಈಗ ಅಪ್ಪನಿಗೂ ಬಿ.ಪಿ. ಇದೆ. ಮುಂದೆ ನನಗೂ ಬಂದೇ ಬರುತ್ತಾ?' ಎಂದು ಕೇಳಿದ. ಎಷ್ಟೋ ಮನೆಗಳಲ್ಲಿರುವ ಪ್ರಶ್ನೆಯಿದು. ಈ ವಾರ ಇದನ್ನೇ ವಿಚಾರ ಮಾಡೋಣ.

ಮೆಂಡೆಲನ ಬಟಾಣಿ ಗಿಡ ಎತ್ತರವೋ ಗಿಡ್ಡವೋ ಎಂಬುದನ್ನು ಒಂದೇ ಜೀನ್ ನಿರ್ಧರಿಸುತ್ತದೆ. ರಕ್ತದೊತ್ತಡ ಹಾಗಲ್ಲ. ಹತ್ತು ಲಕ್ಷಕ್ಕೂ ಹೆಚ್ಚು ಜನರ ವಿವರಗಳನ್ನು ಪರಿಶೀಲಿಸಿದ 2018ರ ಅಧ್ಯಯನದ ಹೊತ್ತಿಗೆ, ರಕ್ತದೊತ್ತಡಕ್ಕೆ ಸಂಬಂಧಿಸಿದ ಸುಮಾರು 900 ತಾಣಗಳು ನಮ್ಮ ವರ್ಣತಂತುಗಳಲ್ಲಿ ಪತ್ತೆಯಾಗಿದ್ದವು. ಸಾಮಾನ್ಯವಾಗಿ ಇವು ಒಂದೊಂದೂ ಒತ್ತಡವನ್ನು ಬದಲಿಸುವುದು ಪಾದರಸದ 1 ಮಿಲಿಮೀಟರಿಗಿಂತ ಕಡಿಮೆ.

ಕುತೂಹಲದ ಸಂಗತಿಯೆಂದರೆ, ಇವುಗಳಲ್ಲಿ ಕೆಲವು ಜೀನ್‌ಗಳು ಉರಿಯೂತಕ್ಕೆ ಸೇರಿದವು. ಕಾಲಿಗೆ ಮುಳ್ಳು ಚುಚ್ಚಿದರೆ ಆ ಜಾಗ ಕೆಂಪಾಗಿ, ಉರಿದು, ಊದಿಕೊಳ್ಳುತ್ತದೆಯಲ್ಲವೆ? ಉರಿ ಮತ್ತು ಊತ ಸೇರಿ ಉರಿಯೂತ. ರೋಗಾಣುಗಳನ್ನು ಎದುರಿಸಲು ಬಿಳಿ ರಕ್ತಕಣಗಳು ಅಲ್ಲಿಗೆ ಧಾವಿಸಿರುತ್ತವೆ. ಶತ್ರು ನಾಶವಾದ ಮೇಲೆ ಉರಿಯೂತ ಇಳಿಯಬೇಕು. ಇಳಿಯದೆ ಒಳಗೊಳಗೇ ಉಳಿದರೆ ತೊಂದರೆ.

ಅಮೆರಿಕದ ಎಮೊರಿ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಹ್ಯಾರಿಸನ್ ತಂಡ 2007ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿತು. 'ಟಿ' ಮತ್ತು 'ಬಿ' ಎಂಬ ಬಿಳಿ ರಕ್ತಕಣಗಳ ಬೆಳವಣಿಗೆಗೆ ಬೇಕಾದ ಜೀನ್ ಇಲ್ಲದ ಇಲಿಗಳಿಗೆ, ರಕ್ತದೊತ್ತಡ ಏರಿಸುವ ಆಂಜಿಯೋಟೆನ್ಸಿನ್ ಹಾರ್ಮೋನು ಕೊಟ್ಟರು. ಒತ್ತಡ ನಿರೀಕ್ಷಿಸಿದಷ್ಟು ಏರಲಿಲ್ಲ. ಬೇರೆ ಇಲಿಗಳ 'ಟಿ' ಕಣಗಳನ್ನು ಸೇರಿಸಿದಾಗ ಏರಿತು! ಈ ಕಣಗಳು ರಕ್ತನಾಳಗಳ ಸುತ್ತ ಹಾಗೂ ಮೂತ್ರಪಿಂಡಗಳಲ್ಲಿ ನೆಲೆಸಿ ರಾಸಾಯನಿಕಗಳನ್ನು ಸ್ರವಿಸುತ್ತವೆ. ಅದರಿಂದ ನಾಳಗಳು ಬಿಗಿಯುತ್ತವೆ, ಮೂತ್ರಪಿಂಡಗಳು ಉಪ್ಪನ್ನು ಹೊರಹಾಕದೆ ಹಿಡಿದಿಟ್ಟುಕೊಳ್ಳುತ್ತವೆ.

ಮನುಷ್ಯರಲ್ಲಿ ಎಸ್‌ಎಚ್2ಬಿ3 ಎಂಬ ಜೀನ್ ಇದೆ. ಇದು ಬಿಳಿ ರಕ್ತಕಣಗಳಿಗೆ ಬ್ರೇಕ್ ಇದ್ದಂತೆ. ಇದರ ಒಂದು ಮಾರ್ಪಾಡಿಗೂ ಏರಿದ ರಕ್ತದೊತ್ತಡಕ್ಕೂ ನಂಟಿರುವುದು 2009ರಲ್ಲಿ ತಿಳಿದುಬಂತು. ಈ ಜೀನ್ ಇಲ್ಲದ ಇಲಿಗಳಲ್ಲಿ ಅತ್ಯಲ್ಪ ಪ್ರಮಾಣದ ಆಂಜಿಯೋಟೆನ್ಸಿನ್ ಕೂಡ ಒತ್ತಡವನ್ನು ಏರಿಸಿತೆಂದು 2015ರಲ್ಲಿ ವರದಿಯಾಯಿತು. ಅಂದಹಾಗೆ, ಆ ಮಾರ್ಪಾಡು ಯುರೋಪಿನವರಲ್ಲಿ ಸಾಮಾನ್ಯ, ನಮ್ಮಲ್ಲಿ ಕಡಿಮೆ.

ಹಾಗಾದರೆ ಉರಿಯೂತ ಇಳಿಸುವ ಮಾತ್ರೆ ನುಂಗಿದರೆ ಬಿ.ಪಿ. ಇಳಿಯುವುದೇ? ಇಲ್ಲಿ ಎಚ್ಚರ ಬೇಕು. ಹೃದಯಾಘಾತವಾಗಿದ್ದ ಹತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ ಉರಿಯೂತ ತಡೆಯುವ ಒಂದು ಚುಚ್ಚುಮದ್ದನ್ನು ಪರೀಕ್ಷಿಸಲಾಯಿತು. 2017ರಲ್ಲಿ ಬಂದ ಫಲಿತಾಂಶದ ಪ್ರಕಾರ ಮತ್ತೆ ಹೃದಯಾಘಾತವಾಗುವುದು ಕಡಿಮೆಯಾಯಿತು, ಆದರೆ ರಕ್ತದೊತ್ತಡ ಇಳಿಯಲಿಲ್ಲ. ಇನ್ನು ಮಂಡಿನೋವಿಗೆಂದು ಅಂಗಡಿಯಿಂದ ತಂದು ನುಂಗುವ ಐಬುಪ್ರೊಫೆನ್, ಡೈಕ್ಲೋಫಿನಾಕ್ ಕೂಡ ಉರಿಯೂತ ಇಳಿಸುವ ಮಾತ್ರೆಗಳೇ. ಆದರೆ ಅವು ದೇಹದಲ್ಲಿ ಉಪ್ಪುನೀರನ್ನು ಉಳಿಸಿ ಬಿ.ಪಿ.ಯನ್ನು ಏರಿಸಬಲ್ಲವು! ಬಿ.ಪಿ. ಇರುವವರು ವೈದ್ಯರನ್ನು ಕೇಳದೆ ಅವನ್ನು ತೆಗೆದುಕೊಳ್ಳಬಾರದು.

ಈಗ ಆ ಹುಡುಗನಿಗೆ ಉತ್ತರ. ಬಂದೇ ಬರಬೇಕೆಂದಿಲ್ಲ, ಆದರೆ ಬರುವ ಸಂಭವ ಇತರರಿಗಿಂತ ಹೆಚ್ಚು. ಜನರ ರಕ್ತದೊತ್ತಡಗಳ ನಡುವಿನ ವ್ಯತ್ಯಾಸದಲ್ಲಿ ಅನುವಂಶೀಯತೆಯ ಪಾಲು ಹೆಚ್ಚೆಂದರೆ ಅರ್ಧದಷ್ಟು ಎಂದು ಅವಳಿಗಳ ಅಧ್ಯಯನಗಳು ಹೇಳುತ್ತವೆ. ಮಿಕ್ಕದ್ದು ನಮ್ಮ ಊಟ, ಓಡಾಟ, ತೂಕ, ನಿದ್ದೆಗಳ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದಿನಕ್ಕೆ ಉಪ್ಪು 5 ಗ್ರಾಂ, ಅಂದರೆ ಒಂದು ಟೀ ಚಮಚ, ಮೀರಬಾರದು. ಉಪ್ಪಿನಕಾಯಿ, ಹಪ್ಪಳ, ಕುರುಕಲು ತಿಂಡಿಯಲ್ಲಿರುವುದೂ ಈ ಲೆಕ್ಕದೊಳಗೇ ಬರಬೇಕು.

ವಿದ್ಯಾರ್ಥಿಗಳೇ, ನಿಮಗೊಂದು ಮನೆಗೆಲಸ. ಈ ಸಂಜೆ ನಿಮ್ಮ ತಂದೆತಾಯಿಯರನ್ನು ಎರಡು ಪ್ರಶ್ನೆ ಕೇಳಿ. ಕೊನೆಯ ಸಲ ಬಿ.ಪಿ. ನೋಡಿಸಿದ್ದು ಯಾವಾಗ? ನೋವಿಗೆ ನುಂಗುತ್ತಿರುವ ಮಾತ್ರೆ ಯಾವುದು? ಏರಿದ ರಕ್ತದೊತ್ತಡ ಬಹುತೇಕ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಅಳೆದರೆ ಮಾತ್ರ ಗೊತ್ತಾಗುತ್ತದೆ.